ಕಿವಿಯಲ್ಲಿ ನೋಡಿದ ಲಾಡ್ಜು

ಟೈಲರಮ್ಮನ ಹೊಲಿಗೆ ಮೆಷಿನ್ ಮುಂದಿನ ಕೋಣೆಯ ಕಿಟಕಿಗೆ ಅಂಟಿಕೊಂಡಿತ್ತು, ಟೀವಿ ಎದುರು ಗೋಡೆಯ ಹತ್ತಿರ. ಬೆಳಕು ಬೇಕೆಂದರೆ ಕಿಟಕಿಗೆ ಮುಖ ಮಾಡಲೇಬೇಕು, ಕಿಟಕಿಗೆ ಮುಖ ಮಾಡಿದರೆ ಟೀವಿಗೆ ಬೆನ್ನು. ಹಾಗಾಗಿ ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ, ಬೀದಿಗೆಲ್ಲ ಒಂದೇ ಟೀವಿ ಎಂದು ಅಕ್ಕಪಕ್ಕದವರೆಲ್ಲ ಅವಳ ಮನೆಗೆ ಬಂದು ಕಣ್ಣರಳಿಸಿ ನೋಡಿದ ಲಾಡ್ಜಿನ ಧಾರಾವಾಹಿಯನ್ನು ಮನೆಯೊಡತಿ ಮಾತ್ರ ಕಿವಿಯಲ್ಲೇ ನೋಡಿ ಮುಗಿಸಿದ್ದಳು.

ರೈಲ್ವೆ ಸ್ಟೇಷನ್ನಿನ ಎದುರಿಗೊಂದು ಹಳೇ ಲಾಡ್ಜು, ಅದನ್ನು ನಡೆಸುವ ಮುಂಗೋಪಿ ಅಪ್ಪ, ಅವನ ಕೈಕೆಳಗೊಬ್ಬ ಮ್ಯಾನೇಜರು, ಜಗಳವಾಡಿ ಮನೆ ಬಿಟ್ಟುಹೋದ ಮಗಳು, ಬಂದುಹೋಗುವ ನಾನಾ ನಮೂನೆಯ ಜನ. ಇಷ್ಟೇ ಕಥೆ. ವಾರಕ್ಕೆ ಅರ್ಧ ಗಂಟೆಯಂತೆ ಎರಡು ವರ್ಷ ನಡೆಯಿತು. ಟೈಲರಮ್ಮ ಅದಕ್ಕೆ ತಕ್ಕಂತೆ ತನ್ನ ಕೆಲಸವನ್ನೇ ಹೊಂದಿಸಿಕೊಂಡಿದ್ದಳು. ಮಾತು ನಡೆಯುವಾಗ ಸದ್ದಿಲ್ಲದ ಕೈಕೆಲಸ: ಗುಂಡಿ, ಕಾಜಾ, ಅಂಚು ಮಡಿಸಿ ಹೊಲಿಯುವುದು. ಜಾಹೀರಾತು ಬಂತೋ, ಮೆಷಿನ್ ತುಳಿತ. ಅವಳ ಮೆಷಿನ್ ಸದ್ದು ನಿಂತಿತೆಂದರೆ ಒಲೆಯ ಮುಂದಿದ್ದವರೂ ಸೌಟು ಬಿಟ್ಟು ಓಡಿಬರುತ್ತಿದ್ದರು. ಯಾರು ಯಾವ ವಾರ ಏನೆಂದರು ಎಂದು ಜಗಳ ಬಂದರೆ ತೀರ್ಪು ಅವಳದೇ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದಳು, ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ.

ಅವಳ ತಂಗಿ ಶಾಲೆಯಲ್ಲಿ ಟೀಚರು. ಮನೆಯಲ್ಲೂ ಅವಳಿಗೆ ಅದೇ ಹೆಸರು. ಅಕ್ಕ ನೋಡುವುದಿಲ್ಲ, ತೀರ್ಪು ಮಾತ್ರ ಜೋರು ಎಂದು ಎಲ್ಲರೆದುರು ರೇಗಿಸುತ್ತಿದ್ದವಳು ಅವಳೇ.

ಆ ಟೀಚರ ಕಣ್ಣೇ ಈಗ ಕೈಕೊಟ್ಟಿತು. ನಿವೃತ್ತಿಯಾದ ಮೇಲೆ ನೋಟ ನಡುಮಧ್ಯದಿಂದ ಮಸುಕಾಗುತ್ತಾ ಬಂದು, ಎದುರಿಗಿದ್ದವರ ಮುಖವೇ ಕಾಣದಂತಾಯಿತು. ಹೋದದ್ದು ಮರಳಿ ಬರುವುದಿಲ್ಲ ಎಂದುಬಿಟ್ಟರು ಡಾಕ್ಟರು. ಅಕ್ಕ ಹೋಗಿ ತನ್ನ ಮನೆಗೆ ಕರೆತಂದಳು. ಬಂದವಳು ಹಿಂದಿನ ಕೋಣೆ ಸೇರಿದಳು. ಭಾನುವಾರ ಭಾನುವಾರ ನೋಡಲು ಬರುತ್ತಿದ್ದ ಅವಳ ಮಗಳು ಪೇಪರು ಓದಲು ಕೂತರೆ, ಟೀವಿಯಲ್ಲಿ ಏನು ನಡೆದಿದೆ ಎಂದು ಹೇಳಹೊರಟರೆ, ಟೀಚರು ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು.

"ಮೂವತ್ತೈದು ವರ್ಷ ಊರಿಗೆಲ್ಲ ಹೇಳಿಕೊಟ್ಟೋಳು ನಾನು. ನನಗೆ ಯಾರೂ ಹೇಳೋದು ಬೇಡ."

ಮೂರು ತಿಂಗಳಲ್ಲಿ ಊಟ ಅರ್ಧಕ್ಕಿಳಿಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಹೀಗೇ ಬಿಟ್ಟರೆ ತಂಗಿ ಆ ಕೋಣೆಯಲ್ಲೇ ಕರಗಿಹೋಗುತ್ತಾಳೆ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಏನು ಮಾಡಬೇಕೆಂಬುದೇ ಗೊತ್ತಿರಲಿಲ್ಲ. ಬುದ್ಧಿ ಹೇಳಲಂತೂ ಹೋಗಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಟೀಚರಿಗೇನು ಬುದ್ಧಿ ಹೇಳುವುದು?

ಒಂದು ಭಾನುವಾರ ತಂಗಿಯ ಮಗಳು ಟೀವಿಯಲ್ಲಿ ಅದೇನೋ ಒತ್ತಿ, ಲಾಡ್ಜಿನ ಧಾರಾವಾಹಿಯ ನೂರಾನಾಲ್ಕೂ ಕಂತು ಇಲ್ಲಿವೆ ದೊಡ್ಡಮ್ಮ, ಇನ್ನು ವಾರಗಟ್ಟಲೆ ಕಾಯುವ ಪಾಡಿಲ್ಲ, ಒಂದು ಮುಗಿದರೆ ಮುಂದಿನದು ತಾನಾಗಿಯೇ ಬರುತ್ತದೆ ಎಂದು ತೋರಿಸಿಕೊಟ್ಟು ಹೋದಳು. ಮರುದಿನ ಟೈಲರಮ್ಮ ಕೆಲಸ ಶುರು ಮಾಡುವಾಗ ಧಾರಾವಾಹಿಯನ್ನೂ ಹಚ್ಚಿದಳು. ಸದ್ದು ಮಾತ್ರ ತನ್ನ ಕಿವಿಗೆ ಬೇಕಾದ್ದಕ್ಕಿಂತ ಎರಡು ಪಟ್ಟು. ಹಿಂದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಎರಡನೆಯ ದಿನವೂ ಇಲ್ಲ.

ಮೂರನೆಯ ದಿನ ಅಳತೆ ಕೊಡಲು ಬಂದ ಪಕ್ಕದ ಮನೆಯವಳ ಜೊತೆ ಧಾರಾವಾಹಿಯ ಮಾತು ಬಂತು. ಟೇಪು ಹಿಡಿದುಕೊಂಡೇ ಟೈಲರಮ್ಮ ಹೇಳಿದಳು: "ಆ ಮ್ಯಾನೇಜರು ಸಾಮಾನ್ಯದವನಲ್ಲ ಬಿಡಿ. ಬೆಳಿಗ್ಗೆ ಲಾಡ್ಜಲ್ಲಿ ಕೀಲಿ ಕೊಡ್ತಾನೆ, ಮಧ್ಯಾಹ್ನ ವೇಷ ಬದಲಾಯಿಸಿ ಡಾಕ್ಟರಾಗಿ ಬಂದು ಅದೇ ಜನದ ನಾಡಿ ಹಿಡೀತಾನೆ. ಒಬ್ಬರಿಗಾದರೂ ಗೊತ್ತಾಗುತ್ತಾ?"

ಹಿಂದಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ತೆರೆಯಿತು.

"ಏನಂದೆ ಅಕ್ಕ? ಇನ್ನೊಂದ್ಸಲ ಹೇಳು."

ಅಕ್ಕ ಹೇಳಿದಳು. ಟೀಚರು ಚೌಕಟ್ಟು ಹಿಡಿದು ನಿಂತಳು. "ಮ್ಯಾನೇಜರು ಒಣಕಲು ಕಡ್ಡಿ ಕಣೇ. ಡಾಕ್ಟರಿಗೆ ಈ ಗಾತ್ರ ಹೊಟ್ಟೆ, ತಲೇಲಿ ಒಂದು ಕೂದಲಿಲ್ಲ. ಅವರಿಬ್ಬರೂ ಬೇರೆ ಬೇರೆ!"

ಇಬ್ಬರಿಗೂ ಹಿನ್ನೆಲೆಯಲ್ಲಿ ದನಿ ಕೊಟ್ಟವನು ಮಾತ್ರ ಒಬ್ಬನೇ ಇರಬೇಕು. ಅಷ್ಟು ಸೂಕ್ಷ್ಮದ ಕಿವಿ ಅಲ್ಲೇ ಮೋಸಹೋಗಿತ್ತು. ಈ ಗುಟ್ಟು ಬೀದಿಗೆಲ್ಲ ಗೊತ್ತಿರುವುದೇ ಎಂದುಕೊಂಡು ಟೈಲರಮ್ಮ ಯಾರ ಹತ್ತಿರವೂ ಎತ್ತಿರಲಿಲ್ಲ. ಪಕ್ಕದ ಮನೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಟೀಚರು ಒತ್ತಿಕೊಳ್ಳಲೂ ಹೋಗಲಿಲ್ಲ. ಬಿಕ್ಕಳಿಕೆ ಬರುವಷ್ಟು ನಕ್ಕಳು, ನಕ್ಕು ಸಾಕಾಗಿ ಸ್ಟೂಲಿನ ಮೇಲೆ ಕೂತಳು. ಆಮೇಲೆ ಕಣ್ಣೊರೆಸಿಕೊಂಡು, ಹಾಗಾದರೆ ಲಾಡ್ಜಿನ ಆ ಮಗಳು ಹೇಗಿದ್ದಾಳೆಂದು ನೀನು ಇಷ್ಟು ದಿನ ಅಂದುಕೊಂಡಿದ್ದೆ ಎಂದು ಕೇಳಿದಳು.

ಪಾಠ ಶುರುವಾದದ್ದು ಹಾಗೆ. ಟೀಚರು ಒಬ್ಬೊಬ್ಬರ ಮೂಗು, ಮೀಸೆ, ನಡಿಗೆ ಎಲ್ಲವನ್ನೂ ನೆನಪಿನಿಂದ ತೆಗೆದುಕೊಟ್ಟಳು. ಟೈಲರಮ್ಮ ಪ್ರತಿಯಾಗಿ ಕಿವಿಯ ವಿದ್ಯೆ ಕೊಟ್ಟಳು. ಅಪ್ಪ ಸುಳ್ಳು ಹೇಳುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾನೆ, ಕೇಳಿಸಿಕೋ ಎಂದಳು. ಟೀಚರು ಕೇಳಿಸಿಕೊಂಡಳು, ಹೌದು. ಕಣ್ಣಿದ್ದಾಗ ಒಂದು ಸಲವೂ ಕೇಳಿಸಿರಲಿಲ್ಲವಲ್ಲ ಎಂದು ಬೆರಗಾದಳು. ಹಿಂದಿನ ಕೋಣೆಯ ಕುರ್ಚಿ ಮುಂದಿನ ಕೋಣೆಗೆ ಬಂತು. ದಿನಕ್ಕೆ ಆರು ಕಂತು, ಏಳು ಕಂತು. ಆದರೂ ತನ್ನ ಮಗಳ ಜೊತೆ ಮಾತ್ರ ಬಿಗುಮಾನ ಹಾಗೇ ಇತ್ತು. ಅವಳು ಪೇಪರು ತೆರೆದರೆ ಟೀಚರು ಟೀವಿಯ ಸದ್ದು ಏರಿಸು ಎನ್ನುತ್ತಿದ್ದಳು.

ಇನ್ನೊಂದು ಭಾನುವಾರ, ಮಗಳು ಬಂದಿದ್ದಾಗ, ಕಥೆ ಎಂಬತ್ತನೇ ಕಂತು ದಾಟಿತ್ತು. ಇದ್ದಕ್ಕಿದ್ದಂತೆ ಮಾತೆಲ್ಲ ನಿಂತು ಬರೀ ಸಂಗೀತವಾಯಿತು. ಟೈಲರಮ್ಮನ ಕಾಲು ತಾನಾಗಿಯೇ ಮೆಷಿನ್ ಮೇಲೆ ಹೋಯಿತು.

"ಅಕ್ಕ, ಕಾಲು ತೆಗಿ. ಆಗಲೂ ಇಲ್ಲೇ ಕಟಕಟ ಅನ್ನಿಸಿದ್ದೆ. ನಾವೆಲ್ಲ ಅಳ್ತಾ ಕೂತಿದ್ವಿ."

"ಜಾಹೀರಾತು ಅಂದ್ಕೊಂಡೆ. ಮುಂದಿನ ವಾರ ನೋಡಿದ್ರೆ ಮಗಳು ಲಾಡ್ಜಲ್ಲೇ ಇದ್ದಾಳೆ. ಹೇಗೆ ಬಂದ್ಳು ಅಂತ ಕೇಳೋಕೆ ನಾಚಿಕೆ ಆಯ್ತು. ಇವತ್ತಿಗೂ ಗೊತ್ತಿಲ್ಲ."

ಕತ್ತು ತಿರುಗಿಸಿದ್ದರೆ ಮುಗಿಯುತ್ತಿತ್ತು. ಟೈಲರಮ್ಮ ತಿರುಗಿಸಲಿಲ್ಲ. ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಕಿಟಕಿಯ ಕಡೆಗೇ ನೋಡುತ್ತಾ, "ಹೇಳು" ಎಂದಳು.

ಟೀಚರು ಹೇಳಿದಳು. ಮಗಳು ಲಾಡ್ಜಿನ ಬಾಗಿಲಲ್ಲಿ ಚೀಲ ಇಳಿಸಿ ನಿಂತಿದ್ದಾಳೆ. ಅಪ್ಪ ತಲೆ ಎತ್ತುವುದಿಲ್ಲ. ಬಂದ ಗಿರಾಕಿಗೆ ಕೊಡುವಂತೆ ಹಲಗೆಯಿಂದ ಒಂದು ಕೀಲಿ ತೆಗೆದು ಮೇಜಿನ ಮೇಲೆ ಮುಂದಕ್ಕೆ ತಳ್ಳುತ್ತಾನೆ. ಅದು ಅವಳದೇ ಕೋಣೆಯ ಕೀಲಿ, ಅಷ್ಟೂ ವರ್ಷ ಯಾರಿಗೂ ಕೊಟ್ಟಿರಲಿಲ್ಲ. ಅವಳು ಕೀಲಿ ಮುಟ್ಟುವುದಿಲ್ಲ. ಅವನ ಕೈ ಹಿಡಿದುಕೊಳ್ಳುತ್ತಾಳೆ. ಹೆಗಲ ಮೇಲಿನ ಹಸಿರು ಶಾಲು ಜಾರಿದರೂ ಅವಳಿಗೆ ಪರಿವೆಯಿಲ್ಲ.

"ಅಮ್ಮ, ಶಾಲು ಹಸಿರಲ್ಲ..." ಎಂದ ಮಗಳು ನಾಲಿಗೆ ಕಚ್ಚಿಕೊಂಡಳು.

ಟೈಲರಮ್ಮನ ಸೂಜಿ ನಿಂತಿತು. ಆಗಿದ್ದದ್ದು ಕಪ್ಪು ಬಿಳುಪು ಟೀವಿ. ಆ ಹಸಿರು ಟೀಚರೇ ಹಚ್ಚಿದ್ದು, ಇಷ್ಟು ವರ್ಷ ಮನಸ್ಸಿನಲ್ಲಿ ಮಾಸದಂತೆ ಇಟ್ಟುಕೊಂಡಿದ್ದು. ಇನ್ನೇನು ಎದ್ದು ಹಿಂದಿನ ಕೋಣೆಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಟೈಲರಮ್ಮ ಕಿವಿಗೊಟ್ಟಳು. ಕುರ್ಚಿ ಕಿರುಗುಟ್ಟಿತು. ಟೀಚರು ಎದ್ದಿರಲಿಲ್ಲ, ಮಗಳು ಕೂತ ಕಡೆಗೆ ತಿರುಗಿದ್ದಳು.

"ಹಾಗಾದ್ರೆ ಯಾವ ಬಣ್ಣ?" ಎಂದಳು, ಕ್ಲಾಸಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ. "ಸುಮ್ನೆ ಬಾಯಿಗೆ ಬಂದಿದ್ದು ಹೇಳ್ಬೇಡ. ಹತ್ತಿರ ಹೋಗಿ, ಸರಿಯಾಗಿ ನೋಡಿ ಹೇಳು."