ಅಣ್ಣನ ಎಡಗಣ್ಣು

ವೈನಿ, ನಾನು ಬರೆದ ಆ ಚಿತ್ರದಲ್ಲಿ ನಿಮಗೆ ಅಣ್ಣ ಕಾಣದೇ ಹೋದದ್ದು ನಿಮ್ಮ ಕಣ್ಣಿನ ದೋಷದಿಂದಲ್ಲ. ನಾನು ಸುಳ್ಳು ಹೇಳಿದೆ — ನೆಂಟರೆಲ್ಲರ ಎದುರು, ನೀವೇ ಹೊದಿಸಿದ ಶಾಲು ಹೊದ್ದುಕೊಂಡು.

ನಾಶಿಕದ ನನ್ನ ಕೋಣೆಯಲ್ಲಿ ಕಲಾಸೇವೆ ಮಹಾ ಗಾಂಭೀರ್ಯದಿಂದ ನಡೆಯುತ್ತದೆಂಬುದನ್ನು ನೀವು ಬಲ್ಲಿರಿ. ದಿನದ ಕೆಲಸ ಮುಗಿದೊಡನೆ ಚಿತ್ರದ ಫೋಟೊ ತೆಗೆದು, ಮೊಬೈಲಿನಲ್ಲಿ ಅದನ್ನು ಕಪ್ಪುಬಿಳುಪು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನೋಡುತ್ತೇನೆ. ಕ್ಯಾನ್ವಾಸಿನ ಮುಂದೆ ನಿಂತಾಗ ಅಡಗಿಕೊಳ್ಳುವ ತಪ್ಪುಗಳು ಅಂಗೈಯಗಲದ ಪರದೆಯಲ್ಲಿ ಸಿಕ್ಕಿಬೀಳುತ್ತವೆ. ತೀರಿಹೋದ ಅಣ್ಣನನ್ನು ಬರೆಯುವಾಗ ತಿರುಗಿಸುವ ಮೊದಲಿನ ಫೋಟೊಗಳನ್ನು ಸಂಭಾಜಿನಗರದಲ್ಲಿದ್ದ ನಿಮಗೂ ಕಳಿಸುತ್ತಿದ್ದೆ. ಪ್ರತಿ ಸಲವೂ ಫೋನಿನಲ್ಲಿ ನಿಮ್ಮ ದನಿ: "ಮೂಗು ಅವ್ರದ, ಮೀಸಿ ಅವ್ರದ. ಕಣ್ಣು ಯಾರದ್ರೀ ಮೈದ್ನಾರ? ಆಧಾರ್ ಕಾರ್ಡಿಗೆ ಕುಂತಂಗ ಕುಂತಾರ."

ನಿಜ. ಅಂಗಡಿಯಲ್ಲಿ ತೊಗರಿಬೇಳೆ ಕಡಿದು ನೋಡುವಾಗ, ನಿಮ್ಮನ್ನು ಕಾಡಿಸುವಾಗ, ಅಣ್ಣನ ಎಡಗಣ್ಣು ಚೂರು ಕಿರಿದಾಗುತ್ತಿತ್ತಲ್ಲ — ಅದು ಯಾವ ಹಳೆಯ ಫೋಟೊದಲ್ಲೂ ಇಲ್ಲ. ನಾನು ಬಣ್ಣದಲ್ಲಿ ತಿದ್ದಿದಷ್ಟೂ ಅಣ್ಣನಿಗೆ ಕಣ್ಬೇನೆ ಬಂದಂತಾಯಿತು. ಕೊನೆಗೆ, ಹೀಗೆ ಮಾಡಿದರೆ ಹೇಗಿದ್ದೀತು ಎಂದು ಮೊಬೈಲಿನ ಫೋಟೊದಲ್ಲೇ ಬೆರಳಿನಿಂದ ಎಡಗಣ್ಣಿನ ರೆಪ್ಪೆಯನ್ನು ಚೂರು ಕೆಳಗೆಳೆದೆ. ಅಣ್ಣ ಬಂದುಬಿಟ್ಟ. ಕಳಿಸಿದೆ. ಇದಿನ್ನೂ ಕ್ಯಾನ್ವಾಸಿಗೆ ಇಳಿದಿಲ್ಲ ಎಂದು ಹೇಳಬೇಕಿತ್ತು — ಹೇಳಲಿಲ್ಲ.

ನೀವು ಅಳುತ್ತಿದ್ದಿರಿ. "ಬಂದ್ರು ನೋಡ್ರಿ! ಇನ್ನ ಕುಂಚ ಮುಟ್ಟಿದ್ರ ನನ್ನಾಣಿ."

ಅಲ್ಲಿಗೆ ಬಾಗಿಲು ಮುಚ್ಚಿತು. ಮುಟ್ಟದಿದ್ದರೆ ಕ್ಯಾನ್ವಾಸಿಗೆ ಅಣ್ಣ ಬರುವಂತಿಲ್ಲ. ನಿಮ್ಮ ಆಣೆ ಮುರಿದು ಮುಟ್ಟಿದೆ — ಆಗಲೂ ಬರಲಿಲ್ಲ. ಅಷ್ಟರಲ್ಲಿ ವರ್ಷದ ಪುಣ್ಯತಿಥಿ ಬಂತು. ಚಿತ್ರವನ್ನು ಚಾದರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ನನಗೆ ಶಾಲು ಹೊದಿಸಿ, ಚಿತ್ರಕ್ಕೆ ಹಾರ ಹಾಕಲು ಹೋದವರು ಅಲ್ಲೇ ನಿಂತಿರಿ. "ಫೋನಿನ್ಯಾಗ ನನ್ನ ನೋಡ್ತಿದ್ರು. ಇಲ್ಲಿ ನೋಡವಲ್ರು."

"ಕಣ್ಣಿಗೆ ಪೊರಿ ಬಂದಿರಬೇಕು ವೈನಿ, ತೋರಿಸ್ಕೊಳ್ರಿ" ಎಂದೆ. ನೆಂಟರು ನಕ್ಕರು. ನೀವೂ — ನನ್ನ ಮಾನ ಉಳಿಸಲೆಂಬಂತೆ — ನಕ್ಕಿರಿ.

ಸುಳ್ಳಿಗೂ ಅದೃಷ್ಟವಿರುತ್ತದೆ: ಪೊರೆ ನಿಜಕ್ಕೂ ಇತ್ತು. ಆಪರೇಷನ್ ಆಯಿತು. ನಿಮ್ಮ ಹಳೆಯ ಫೋನು ಕೆಟ್ಟು ಆ ಫೋಟೊವೂ ಹೋಯಿತು. ನಾನು ಒಳಗೊಳಗೇ ಹಗುರಾದೆ. ಅಂದಿನಿಂದ ನಿಮ್ಮ ಮನೆಗೆ ಬಂದಾಗಲೆಲ್ಲ ಆ ಚಿತ್ರದ ಕೆಳಗೇ ನನಗೆ ಕುರ್ಚಿ. ಕಲಾವಿದರಲ್ಲವೆ! ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಬೆನ್ನ ಹಿಂದೆ ಅಣ್ಣ — ಏಳುವಂತಿಲ್ಲ, ತಿರುಗಿ ನೋಡುವಂತಿಲ್ಲ. ಕಳೆದ ಸಲ ನೀವು ಚಿತ್ರದ ಧೂಳು ಒರೆಸುತ್ತ ಮೆಲ್ಲಗೆ ಅಂದಿರಿ: "ಕಣ್ಣು ಚೊಲೋ ಆದ್ವುರೀ. ಅವ್ರ ಮಾರಿನ ಮರತೀನೋ ಏನೋ."

ಉಪ್ಪಿಟ್ಟು ಚೊಲೋ ಆಗ್ಯದ ಎಂದೆ, ವೈನಿ. ಅಷ್ಟೇ ಅಂದೆ.

ನೀವು ಅಣ್ಣನ ಮುಖ ಮರೆತಿಲ್ಲ. ಆ ಫೋಟೊ ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಈ ಬರಹದ ಜೊತೆಗೇ ಕಳಿಸುತ್ತಿದ್ದೇನೆ. ನೋಡಿದ ಮೇಲೆ ಗೋಡೆಯ ಚಿತ್ರವನ್ನು ಇಳಿಸುವುದಾದರೆ ಇಳಿಸಿ. ಅದರ ಕೆಳಗಿನ ಕುರ್ಚಿಯನ್ನೂ ತೆಗೆದುಬಿಡಿ.