ಅಜ್ಜಿಯ ಕೋಣೆಯ ಹತ್ತು ಬೆರಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಒಂದು ಕೋಣೆಗೆ ಮೂರು ತಿಂಗಳು ಬೀಗ ಬಿದ್ದಿತ್ತು. ಅದು ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ತೀರಿಕೊಂಡ ಕೋಣೆ. ಅಜ್ಜಿಯ ಪ್ರಾಣ ಹೋದ ಗಳಿಗೆಯ ನಕ್ಷತ್ರ ಚೆನ್ನಾಗಿರಲಿಲ್ಲವಂತೆ. ಅಂಥ ಸಾವಾದರೆ ಕೋಣೆಯನ್ನು ಬಿಡಬೇಕು, ಕಾರ್ಯ ಮುಗಿದ ಮೇಲೆ ಪುರೋಹಿತರು ಹೇಳಿದಷ್ಟು ದಿನ ಯಾರೂ ಒಳಗೆ ಕಾಲಿಡಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ನನಗಾಗ ಹನ್ನೊಂದು ವರ್ಷ. ಇದೇನು ರಾಜರ ಕಾಲದ ಮಾತಲ್ಲ ಮಕ್ಕಳೇ, ತೊಂಬತ್ತರ ದಶಕದ್ದು. ನನಗೂ ಬೇಗ ಮದುವೆಯಾಯಿತು, ನಿಮ್ಮ ಅಮ್ಮನಿಗೂ ಬೇಗ ಮಾಡಿಬಿಟ್ಟೆವು. ಹಾಗಾಗಿ ತಲೆ ಪೂರ್ತಿ ನರೆಯುವ ಮೊದಲೇ ಅಜ್ಜಿ ಅನ್ನಿಸಿಕೊಂಡು ಕೂತಿದ್ದೇನೆ.

ನಮ್ಮೂರು ಪಾಂಡವಪುರಕ್ಕೆ ಹತ್ತಿರ. ಕಬ್ಬು ಅರೆಯುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ತಿರುಗಿದರೆ ಊರೆಲ್ಲ ಕಾಕಂಬಿಯ ಹುಳಿಹುಳಿ ವಾಸನೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹೆಂಚಿನ ಮನೆ. ಅಜ್ಜಿಯ ಕೋಣೆ ಹಿಂಭಾಗದಲ್ಲಿ, ಹಿತ್ತಿಲಿಗೆ ಅಂಟಿಕೊಂಡಿತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿಯುವ ಬಿಸಿಲು ಬೆಳಿಗ್ಗೆ ಒಂದು ಗೋಡೆಯ ಮೇಲೆ ಇದ್ದರೆ ಸಂಜೆಗೆ ಇನ್ನೊಂದು ಗೋಡೆಗೆ ಹೋಗುತ್ತಿತ್ತು. ಕೊನೆಯ ವರ್ಷ ಸೊಂಟ ಬಿದ್ದುಹೋಗಿದ್ದ ಅಜ್ಜಿ ಆ ಬಿಸಿಲಿನ ಹಿಂದೆಯೇ ಕೈ ಊರಿಕೊಂಡು, ಕಾಲೆಳೆದುಕೊಂಡು ತೆವಳುತ್ತಿದ್ದಳು. ನೆಲಕ್ಕೆ ಅವಳ ಬೆರಳುಗಳು ತಾಗುವ ತಪ್ ತಪ್ ಸದ್ದು ನಮಗೆ ಅಡುಗೆಮನೆಗೂ ಕೇಳುತ್ತಿತ್ತು.

ಹತ್ತನೆಯ ದಿನದ ಸಂಜೆ ದೊಡ್ಡಪ್ಪ, ಅಪ್ಪನ ಅಣ್ಣ, ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಅಜ್ಜಿ ಮಲಗುತ್ತಿದ್ದ ಜಾಗದಲ್ಲಿ ತೆಳ್ಳಗೆ ಹರಡಿದರು. ಪಕ್ಕದಲ್ಲಿ ಎಡೆ ಇಟ್ಟು, ಒಂದು ಚೊಂಬು ನೀರಿಟ್ಟು ಬಾಗಿಲು ಎಳೆದುಕೊಂಡರು. ಹೋದವರು ಒಂದು ಸಲ ಮನೆಗೆ ಬಂದು ಹೋಗುತ್ತಾರಂತೆ, ಬಂದಿದ್ದರೆ ಬೂದಿಯಲ್ಲಿ ಗುರುತು ಬೀಳುತ್ತದಂತೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಾವೆಲ್ಲ ಅವರ ಬೆನ್ನ ಹಿಂದೆ ನಿಂತಿದ್ದೆವು.

ಗುರುತು ಬಿದ್ದಿತ್ತು. ಗೋಡೆಯ ಬುಡದಿಂದ ನೀರಿನ ಚೊಂಬಿನವರೆಗೆ ಎರಡು ಸಾಲು ಸಣ್ಣ ಗುಂಡು ಚುಕ್ಕೆಗಳು, ಕಿರುಬೆರಳ ತುದಿಯನ್ನು ಊರಿದ ಹಾಗೆ. ನಡುವೆ ಅಲ್ಲಲ್ಲಿ ಏನನ್ನೋ ಎಳೆದಂಥ ಗೆರೆ.

“ಬಂದವ್ಳೆ ಕಣ್ಲಾ, ನಮ್ಮವ್ವ ಬಂದವ್ಳೆ,” ಎಂದು ದೊಡ್ಡಪ್ಪ ಅಪ್ಪನ ಕೈ ಹಿಡಿದುಕೊಂಡರು. “ನಡ್ಯಾಕಾಗ್ದೆ ಕೈ ಊರ್ಕಂಡು ತೆವಳವ್ಳೆ. ನೀರ್ ತಾವ್ಕೆ ಹೋಗವ್ಳೆ ನೋಡು.”

ಎಲ್ಲರೂ ಕೈ ಮುಗಿದರು. ನನ್ನಕ್ಕ ಮಾತ್ರ ಮುಗಿಯಲಿಲ್ಲ. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೂದಿಯನ್ನು ಹಾಗೇ ಬಿಟ್ಟು ಕೋಣೆಗೆ ಬೀಗ ಹಾಕಿದರು.

ಅಕ್ಕ ಆಗ ಹತ್ತನೇ ತರಗತಿ. ಅವತ್ತು ಮಧ್ಯಾಹ್ನ ಹುಲ್ಲಿನ ಮೆದೆಯ ಹಿಂದೆ ನನ್ನನ್ನು ಎಳೆದುಕೊಂಡು ಹೋಗಿ ಒಂದು ವಿಷಯ ಹೇಳಿದಳು. ಅಜ್ಜಿ ಸತ್ತದ್ದು ಭಾನುವಾರ. ಅಪ್ಪ ಅವ್ವ ಗದ್ದೆಯಲ್ಲಿದ್ದರು, ಅಜ್ಜಿಯ ಹತ್ತಿರ ಕೂತಿರಬೇಕಾದವಳು ಅಕ್ಕ. ಬೀದಿಗೆಲ್ಲ ಒಂದೇ ಟಿವಿ ಇದ್ದ ಮನೆಯಲ್ಲಿ ನಾಲ್ಕು ಗಂಟೆಗೆ ಸಿನಿಮಾ ಶುರುವಾಗುತ್ತಿತ್ತು. ಅಜ್ಜಿ ನಿದ್ದೆ ಹೋಗಿದ್ದಾಳೆಂದು ಅಕ್ಕ ಅಲ್ಲಿಗೆ ಓಡಿದ್ದಳು. ವಾಪಸು ಬಂದಾಗ ಅಜ್ಜಿ ಚಾಪೆಯಿಂದ ಜಾರಿ, ಕೈಯನ್ನು ಚೊಂಬಿನ ಕಡೆಗೆ ಚಾಚಿಕೊಂಡು ಬಿದ್ದಿದ್ದಳು.

“ನೀರ್ ಕೇಳವ್ಳೆ ಕಣಮ್ಮಿ, ನಾನ್ ಇರ್ನಿಲ್ಲ,” ಎಂದಳು ಅಕ್ಕ. “ಅದ್ಕೇ ಬಂದವ್ಳೆ. ಯಾರ್ಗೂ ಹೇಳ್ಬ್ಯಾಡ.”

ಆಮೇಲೆ ಅಕ್ಕ ನಮ್ಮ ಅಕ್ಕನಾಗಿ ಉಳಿಯಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಒಂದು ಲೋಟ ನೀರಿಡದೆ ತಾನು ಒಂದು ಗುಟುಕು ಕುಡಿಯುತ್ತಿರಲಿಲ್ಲ. ಮುದ್ದೆಯನ್ನು ಮುರಿದು ಹಾಗೇ ಬಿಟ್ಟು ಏಳುತ್ತಿದ್ದಳು. ಕೈ ಬಳೆಗಳು ಮೊಣಕೈವರೆಗೂ ಜಾರುವಷ್ಟು ಸೊರಗಿದಳು, ಶಾಲೆ ಬಿಟ್ಟಳು. ಆ ಬಾಗಿಲ ಕಡೆ ಕಿವಿಯಿಟ್ಟು, “ಕೇಳ್ತಾ ಅದಾ? ತಪ್ ತಪ್ ಅಂತದೆ,” ಎನ್ನುತ್ತಿದ್ದಳು. ಸತ್ಯ ಹೇಳುತ್ತೇನೆ, ಕೆಲವು ಸಲ ನನಗೂ ಕೇಳಿಸುತ್ತಿತ್ತು. ಅವಳನ್ನು ಕೃಷ್ಣರಾಜಪೇಟೆಯಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿಬಿಡೋಣವೆಂದು ಅಪ್ಪ ಅವ್ವ ಗುಸುಗುಸು ಮಾತಾಡುತ್ತಿದ್ದರು. ಅಕ್ಕ ಹೀಗೇ ಸತ್ತುಹೋಗುತ್ತಾಳೆ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಹಾಗಾಗಿ ಒಂದು ದಿನ ಅಜ್ಜಿಯನ್ನೇ ಕೇಳಿಬಿಡೋಣ ಎಂದು ತೀರ್ಮಾನಿಸಿದೆ. ನಗಬೇಡಿ. ನನಗೆ ಬೇರೆ ಯಾವ ದಾರಿಯೂ ಹೊಳೆಯಲಿಲ್ಲ.

ಅವತ್ತು ನಮ್ಮ ಕಬ್ಬಿನ ಕಡಿತ. ಎಲ್ಲರೂ ಗದ್ದೆಗೆ ಹೋಗಿದ್ದರು, ಅಕ್ಕ ಜಗುಲಿಯ ಮೇಲೆ ಕಣ್ಣು ಮುಚ್ಚಿ ಒರಗಿದ್ದಳು. ಮಟಮಟ ಮಧ್ಯಾಹ್ನ. ಮೊಳೆಗೆ ತೂಗುಹಾಕಿದ್ದ ಬೀಗದ ಕೈ ತೆಗೆದುಕೊಂಡು, ಚೊಂಬಿನ ತುಂಬ ನೀರು ಹಿಡಿದು ಕೋಣೆಯ ಬಾಗಿಲು ತೆಗೆದೆ. ಒಳಗೆ ಹಳೆಯ ಕಂಬಳಿ, ಸುಣ್ಣ, ಬೂದಿ, ಅಜ್ಜಿಯ ಎಲೆಅಡಿಕೆ ಚೀಲ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು.

“ಅಜ್ಜಿ, ನೀರ್ ತಂದಿವ್ನಿ, ಕುಡ್ಕೊ,” ಎಂದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. “ಅಕ್ಕ ಸಿನ್ಮಾಗೋಗಿದ್ದು ತಪ್ಪೇಯ. ನಿನ್ ದಮ್ಮಯ್ಯ, ಅವ್ಳ ಬುಟ್ಬುಡು.”

ಆಗ ಅಜ್ಜಿಯ ಕೈ ಕಂಡಿತು.

ಗೋಡೆಯ ಬುಡದ ಹತ್ತಿರ, ಬಿಸಿಲು ಬಿದ್ದ ಜಾಗದಲ್ಲಿ, ಅಂಗೈ ಮೇಲೆ ಮಾಡಿಕೊಂಡು ಬಿದ್ದಿತ್ತು. ಕಪ್ಪು ಕಂದು ಬಣ್ಣ, ಮೈತುಂಬ ಕೂದಲು, ಬೆರಳುಗಳು ಅರ್ಧ ಮಡಚಿಕೊಂಡಿದ್ದವು. ಒಂದು ಬೆರಳು ಮೆಲ್ಲಗೆ ಅಲುಗಿತು. ಕೈಯಲ್ಲಿದ್ದ ಚೊಂಬು ಬಿದ್ದು ನೀರು ಚೆಲ್ಲಿತು. ಹೆದರಿಕೆಯಾದಾಗ ಎಣಿಸುವುದು ನನ್ನ ಚಾಳಿ, ಎಣಿಸಿದೆ. ಐದಾಯಿತು, ಆರಾಯಿತು, ಎಂಟಾಯಿತು. ಮುಂದುಗಡೆ ಇನ್ನೆರಡು ಗಿಡ್ಡ ಬೆರಳು. ಒಟ್ಟು ಹತ್ತು. ನಮ್ಮಜ್ಜಿಗೂ ಹತ್ತು ಬೆರಳಿದ್ದವು, ಆದರೆ ಒಂದೇ ಕೈಯಲ್ಲಲ್ಲ.

ಚೊಂಬು ಬಿದ್ದ ಸದ್ದಿಗೆ ಅಕ್ಕ ಎದ್ದು ಓಡಿಬಂದಳು. ಹೊಸಿಲ ಆಚೆಯೇ ನಿಂತು ನನ್ನ ಜಡೆ ಹಿಡಿದು ಎಳೆಯಲು ಹೋದವಳು ಅದನ್ನು ನೋಡಿ ಹಾಗೇ ನಿಂತುಬಿಟ್ಟಳು. ಆಮೇಲೆ ಬಗ್ಗಿ ನೋಡಿ ಪಿಸುಗುಟ್ಟಿದಳು.

“ಜೇಡ ಕಣಮ್ಮಿ. ಸತ್ತಿಲ್ಲ. ಪೊರೆ ಬುಡ್ತಾ ಅದೆ.”

ಜೇಡವೆಂದರೆ ನಿಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಬಲೆ ಕಟ್ಟುವಂಥದ್ದಲ್ಲ. ನೀವು ಫೋನಿನಲ್ಲಿ ನೋಡಿ ಟಾರಂಟುಲಾ ಅನ್ನುತ್ತೀರಲ್ಲ, ಆ ಜಾತಿಯದು, ಬಿಲದಲ್ಲಿರುವ ದೊಡ್ಡ ಜೇಡ. ನಾವಿಬ್ಬರೂ ಹೊಸಿಲ ಮೇಲೆ ಕೂತು ನೋಡಿದೆವು. ಬಿಸಿಲು ನೆಲದಿಂದ ಗೋಡೆ ಹತ್ತುವವರೆಗೂ ಕೂತಿದ್ದೆವು. ಮೊದಲು ಅದರ ಬೆನ್ನ ಕಡೆಯ ಚಿಪ್ಪು ಡಬ್ಬದ ಮುಚ್ಚಳದ ಹಾಗೆ ಬಿಟ್ಟುಕೊಂಡಿತು. ಆಮೇಲೆ ಒಂದೊಂದೇ ಕಾಲು, ಬಿಗಿಯಾದ ರವಿಕೆಯ ತೋಳಿನಿಂದ ಕೈ ಬಿಡಿಸಿಕೊಂಡ ಹಾಗೆ, ಹಳೆಯ ಕಾಲಿನೊಳಗಿಂದ ಹೊರಗೆ ಬಂತು. ಹಳೆಯದು ಕಪ್ಪು, ಹೊಸದು ಮಾಸಲು ಬಣ್ಣ. ಅದರ ಬಾಯಿಯ ಎರಡು ಹಲ್ಲು ಹಾಲಿನಂತೆ ಬೆಳ್ಳಗಿದ್ದವು. ಹುಟ್ಟಿದ ಮಗುವಿನಷ್ಟೇ ಮೆತ್ತಗೆ ಅಲ್ಲೇ ಪಕ್ಕಕ್ಕೆ ಬಿದ್ದುಕೊಂಡಿತು. ಭಯ ಹೋಗಿರಲಿಲ್ಲ, ಆದರೆ ಕಣ್ಣು ತೆಗೆಯಲೂ ಆಗುತ್ತಿರಲಿಲ್ಲ.

ಎಷ್ಟೋ ಹೊತ್ತಿಗೆ ಅದು ಮಗ್ಗುಲು ತಿರುಗಿ, ಕಾಲು ಊರಿ, ಗೋಡೆಯ ಬಿರುಕಿನೊಳಕ್ಕೆ ನಿಧಾನವಾಗಿ ತೆವಳಿತು. ಹೊಟ್ಟೆಯ ಹಿಂದೆ ಎರಡು ಪುಟ್ಟ ಬೆರಳಿನಂಥವು ಇದ್ದವು. ಅವು ನೂಲು ಬಿಡುವ ಅಂಗವೆಂದು ಅಕ್ಕ ಹೇಳಿದಳು. ಅವು ಬೂದಿಗೆ ತಾಗಿ ಒಂದು ಗೆರೆ ಎಳೆದವು. ಆ ಗೆರೆಯನ್ನು ನೋಡಿ ಅಕ್ಕ ಉಸಿರು ಬಿಗಿಹಿಡಿದಳು.

ಬಿಟ್ಟುಹೋದ ಪೊರೆಯನ್ನು ಅವಳು ಪೊರಕೆ ಕಡ್ಡಿಯಿಂದ ಎತ್ತಿ ಮೊರದ ಮೇಲೆ ಇಟ್ಟುಕೊಂಡು ಹಿತ್ತಿಲ ಬಿಸಿಲಿಗೆ ಬಂದಳು. ತಿಂಗಳಾದ ಮೇಲೆ ಮೊದಲ ಸಲ ಅವಳ ಕಣ್ಣಲ್ಲಿ ಶಾಲೆಯ ಅಕ್ಕ ಕಂಡಳು. ಪೊರೆ ಥೇಟ್ ಜೇಡವೇ, ಒಳಗೆ ಜೇಡವಿಲ್ಲ ಅಷ್ಟೆ. ನೆತ್ತಿಯ ಮೇಲೆ ಸಾಸಿವೆಯಷ್ಟು ದಿಬ್ಬ, ಅದರ ಮೇಲೆ ಎಂಟು ಕಣ್ಣುಗಳಿದ್ದ ಜಾಗ ಗಾಜಿನ ಹಾಗೆ ತಿಳಿಯಾಗಿತ್ತು. ಬಾಯಿಯ ಹತ್ತಿರ ಬೆಕ್ಕಿನ ಉಗುರಿನಂತೆ ಕೆಳಕ್ಕೆ ಬಾಗಿದ ಎರಡು ಕರಿಯ ವಿಷದ ಹಲ್ಲು. ಮುಂದಿನ ಗಿಡ್ಡ ಬೆರಳುಗಳು ಕಾಲಲ್ಲವಂತೆ, ಅವು ದಾರಿ ತಡವಿ ನೋಡಲು, ಹಿಡಿದದ್ದನ್ನು ಬಾಯಿಗೆ ಕೊಡಲು. ಹೊಟ್ಟೆಯ ಅಡಿಯ ಪೊರೆಯಲ್ಲಿ ನಾಲ್ಕು ಬಿಳಿಯ ಮಚ್ಚೆ. ಅವು ಉಸಿರಾಡುವ ಜಾಗ ಎಂದು ಅವಳ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದರು. ಪ್ರತಿ ಕಾಲಿನ ತುದಿಯಲ್ಲೂ ಮಖಮಲ್ಲಿನಂಥ ಮೆತ್ತೆಯಿತ್ತು.

ಆ ಮೆತ್ತೆಯನ್ನು ಅಕ್ಕ ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು ಕೋಣೆಗೆ ಹೋಗಿ, ಪೊರೆಯ ಒಂದು ಕಾಲನ್ನು ಕಡ್ಡಿಯಿಂದ ಹಿಡಿದು, ಹಳೆಯ ಗುರುತಿನ ಪಕ್ಕದ ಬೂದಿಗೆ ಮೆತ್ತಗೆ ಒತ್ತಿದಳು. ಎರಡೂ ಒಂದೇ. ಇನ್ನೊಂದು ಸಲ ಒತ್ತಿದಳು. ಒಂದೇ.

“ನೀರ್ ಕುಡ್ಯಕ್ಕೆ ಬಂದಿತ್ತು ಕಣಕ್ಕ ಜೇಡ! ಅಜ್ಜಿ ಅಲ್ಲ!” ಎಂದು ನಾನು ಕುಣಿದೆ. ಅಕ್ಕ ಬದುಕಿದಳು ಎಂದುಕೊಂಡೆ.

ಅಕ್ಕ ಕುಣಿಯಲಿಲ್ಲ. ಅಲ್ಲೇ ಬೂದಿಯ ಪಕ್ಕ ಕುಕ್ಕರಿಸಿದಳು.

“ಅಂಗಾದ್ರೆ ಅಜ್ಜಿ ಬರ್ಲೇ ಇಲ್ವೇನಮ್ಮಿ?” ಎಂದಳು.

ಅಷ್ಟು ಹೇಳಿ ಜೋರಾಗಿ ಅತ್ತಳು. ಅಜ್ಜಿ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಬಂದಿದ್ದಾಳೆಂದು ಅಷ್ಟು ಹೆದರಿದ್ದವಳು, ಬಂದಿಲ್ಲವೆಂದು ತಿಳಿದು ಅಷ್ಟೂ ಅತ್ತಳು. ಬರದಿದ್ದರೆ ತಪ್ಪಾಯಿತೆಂದು ಹೇಳುವುದು ಯಾರಿಗೆ?

ಗದ್ದೆಯಿಂದ ಬಂದ ಅಪ್ಪನಿಗೆ ಕಬ್ಬಿನ ಸೋಗೆ ಕೊಯ್ದ ಗೀರುಗಳು ಮೈತುಂಬ ಇದ್ದವು. ಅಕ್ಕ ಭಾನುವಾರದ ವಿಷಯವನ್ನು ಪೂರ್ತಿ ಹೇಳಿಬಿಟ್ಟಳು. ಬೀಗ ತೆಗೆದದ್ದಕ್ಕೆ ನನಗೂ ಏಟು ಬೀಳುತ್ತದೆಂದು ನಾನು ಕಂಬದ ಹಿಂದೆ ನಿಂತಿದ್ದೆ. ಅಪ್ಪ ಕೈ ಎತ್ತಲಿಲ್ಲ. ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು.

“ನಾನೂ ಅವತ್ತು ಬೇಕಂತ್ಲೇ ಗದ್ದೆಲಿ ತಡ ಮಾಡ್ದೆ ಕಣವ್ವ,” ಎಂದರು. “ನಮ್ಮವ್ವ ಅಂಗೆ ತೆವಳೋದ ನೋಡಾಕಾಯ್ತಿರ್ನಿಲ್ಲ ನಂಗೆ.”

ಅವತ್ತು ಅಪ್ಪ ಮಗಳು ಒಂದೇ ಚೊಂಬಿನಿಂದ ನೀರು ಕುಡಿದರು. ಮೂರು ತಿಂಗಳು ತುಂಬಿ ಬೀಗ ತೆಗೆದಾಗ ಅಪ್ಪ ಗೋಡೆಯ ಬಿರುಕಿಗೆ ಮಣ್ಣು ಮೆತ್ತಲು ಹೋದರೆ ಅಕ್ಕ ಬಿಡಲಿಲ್ಲ. ಜೇಡ ಅಲ್ಲೇ ಇತ್ತು. ಆ ಜಾತಿಯಲ್ಲಿ ಹೆಣ್ಣು ಹತ್ತಾರು ವರ್ಷ ಬದುಕುತ್ತದಂತೆ. ಆ ಗೋಡೆ ಕೆಡವುವ ಹೊತ್ತಿಗೆ ನನಗೆ ಮದುವೆಯಾಗಿತ್ತು. ಪೊರೆ ಅಕ್ಕನ ಹಳೆಯ ಬಳೆ ಡಬ್ಬದಲ್ಲಿ ಈಗಲೂ ಇದೆ. ಮುಟ್ಟಿದರೆ ಪುಡಿಯಾಗುತ್ತದೆಂದು ಅವಳು ಮುಚ್ಚಳ ತೆಗೆಯುವುದಿಲ್ಲ.

ನೀವು ಫೋನಿನ ಮೇಲೆ ಒಂದು ಬೆರಳು ಸವರಿ ಜೇಡದ ಎಂಟು ಕಣ್ಣನ್ನೂ ಅಂಗೈಯಗಲ ಮಾಡಿ ನೋಡುತ್ತೀರಿ. ನಿಮಗೆ ಹೆದರಿಕೆಯಿಲ್ಲ, ನನಗೆ ಸಂತೋಷ. ಆದರೆ ಮೊನ್ನೆ ಊಟಕ್ಕೆ ಕೂತಾಗ, “ಅಜ್ಜಿ, ನೀನು ಸತ್ತೋದ್ಮೇಲೆ ನಮ್ಮನೆಗೆ ಬರ್ತೀಯಾ?” ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ, ನಿಮ್ಮಮ್ಮ ಗದರಿದಳು. ನಾನು ನಿಮ್ಮ ಮನೆಯ ನೆಲ ನೋಡಿದೆ. ಗ್ಯಾಸ್ ಒಲೆ, ಬೂದಿಯೇ ಇಲ್ಲ. ದಿನಕ್ಕೆ ಎರಡು ಸಲ ಒರೆಸುವ ಬಿಳಿ ಟೈಲ್ಸು, ಯಾರು ಬಂದು ಹೋದರೂ ಗುರುತು ನಿಲ್ಲುವುದಿಲ್ಲ. ಬಂದರೂ ನಿಮಗೆ ಹೇಗೆ ಗೊತ್ತಾಗಬೇಕು? ಒಂದು ಕೆಲಸ ಮಾಡಿ. ನಾನು ಹೋದ ಮೇಲೆ ಒಂದೇ ಒಂದು ದಿನ, ಮೂಲೆಯಲ್ಲಿ ಒಂದು ಹಿಡಿ ರಾಗಿಹಿಟ್ಟು ಹರಡಿ, ಪಕ್ಕದಲ್ಲಿ ಒಂದು ಲೋಟ ನೀರಿಡಿ. ಬೆಳಿಗ್ಗೆ ಅದರಲ್ಲಿ ಜೇಡದ ಹೆಜ್ಜೆಯೇ ಬಿದ್ದಿದ್ದರೂ ಪರವಾಗಿಲ್ಲ, ಅಜ್ಜಿ ಬಂದಿದ್ದಳು ಅಂದುಕೊಳ್ಳಿ.