ಭೀಮಿಯ ಸೆರಗಿನ ಮ್ಯಾಲ ಕುಂತದ್ದು

ಇವತ್ತು ಮುಂಜಾನಿ ಒಲಿ ಮುಂದ ಕುಂದ್ರಬೇಕಂತ ಗ್ವಾಡಿ ಮೊಳಿಗೆ ತೂಗಹಾಕಿದ್ದ ಮೊಣಕಾಲ ಪಟ್ಟಿ ಇಳಿಸಿದೆ. ಕೈಗೆ ತಗೊಂಡ ಕೂಡ್ಲೇ ಅದರ ವಾಸನಿ ಮೂಗಿಗೆ ಬಡೀತು. ಸಬಕಾರ ಹಚ್ಚಿ ತಿಕ್ಕೇನಿ, ಬಿಸಲಿಗೆ ಒಣಗಿಸೇನಿ, ಆದ್ರೂ ಹೋಗವಲ್ದು. ಬೆವರು, ನೋವಿನ ಮುಲಾಮು, ಎರಿಮಣ್ಣು, ಮೂರೂ ಕೂಡಿದ ವಾಸನಿ. ಅದು ನನ್ನದಲ್ಲ. ನಮ್ಮ ಹಿತ್ತಲಕ್ಕ ಹತ್ತಿಕೊಂಡಿರೋ ಮನಿಯ ಮೌನೇಶಿದು. ಪಟ್ಟಿನೂ ಅವಂದೇ.

ನನಗ ಅದು ಯಾಕ ಬಂತು ಅಂದ್ರ, ಮಳಿಗಾಲದಾಗ ಬಚ್ಚಲದೊಳಗ ಜಾರಿ ಬಿದ್ದೆ. ಮುದುಕೇರು ಬೀಳೋದು ದೊಡ್ಡ ಸುದ್ದಿ ಅಲ್ಲ, ಅದನ್ನ ಬರೆಯಂಗಿಲ್ಲ. ಬರೆಯೋ ಮಾತು ಬ್ಯಾರೇ ಅದ. ಇಷ್ಟು ದಿನ ಸೊಸಿ ನನ್ನ ಒಲಿ ಹತ್ರ ಬಿಟ್ಟಿದ್ದಿಲ್ಲ. ಈಗ ಬಿಟ್ಟಾಳ. ಜ್ವಾಳದ ರೊಟ್ಟಿ ಬಡಿದು ಹಾಕಿದೆ. ಮಗ ತಿಂದು ಛಲೋ ಆಗ್ಯಾವ ಅಂದ. ಸೊಸಿ ತಿನ್ನೋಕಿಂತ ಮೊದ್ಲೇ, ಮೊದಲಿನಂಗೇ ಅವ ಅತ್ತಿ ಅಂದ್ಲು. ನಾನೂ ಒಂದು ತುಣುಕು ಮುರಿದು ಬಾಯಾಗ ಇಟ್ಟೆ. ಬಿದ್ದದ್ದು ನನ್ನ ಕಾಲು, ನಾಲ್ಗಿ ಅಲ್ಲ. ರೊಟ್ಟಿ ದಪ್ಪ ಇತ್ತು, ನಡುವ ಹಸಿ.

ಇವರು ಯಾಕ ಸುಳ್ಳು ಹೇಳಾಕತ್ತಾರ ಅಂತ ವಿಚಾರ ಮಾಡಿಕೊಂತ ಪಟ್ಟಿ ಮೂಸಿದ್ರ, ಮೌನೇಶಿ ಪಟ್ಟ ಪಾಡು ನೆನಪಾತು. ಆಗಿ ಎರಡು ಮೂರು ವರ್ಷಾತು. ನಿಮಗ ಪುರಸೊತ್ತು ಇದ್ರ ಜರಾ ಕುಂದರ್ರಿ, ಹೇಳ್ತೀನಿ. ನಾನು ಅಕ್ಷರ ಕಲಿತದ್ದು ಮೊಮ್ಮಕ್ಕಳ ಜೋಡಿ ಕುಂತು. ಎಲ್ಲೆರೆ ಒತ್ತಕ್ಷರ ಜಾರಿದ್ರ, ಇದೂ ಬಚ್ಚಲದಾಗ ಬಿದ್ದದ ಅಂತ ತಿಳಕೋರಿ.

ಮೌನೇಶಿ ಹೊಳಿದಂಡಿ ಮಂದಿ ಮಗ. ಅವರ ಮನಿತನ ಕೃಷ್ಣಾ ಹೊಳಿಯಾಗ ಮೀನ ಹಿಡಿಯೋದು. ಗಂಡ ತೀರಿದ ಮ್ಯಾಲ ಅವರವ್ವ ಭೀಮಬಾಯಿ ಮಗನ್ನ ಕಟಗೊಂಡು ಶಹಾಪುರಕ್ಕ ಬಂದ್ಲು, ಸಂತ್ಯಾಗ ಒಣಮೀನ ಮಾರ್ತಾಳ. ನಾವು ಲಿಂಗ ಕಟ್ಟಿದ ಮಂದಿ. ಮೊದಮೊದಲು ಆ ವಾಸನಿಗೆ ನಾನು ಹಿತ್ತಲ ಬಾಗಲಾ ಹಾಕ್ತಿದ್ದೆ. ಆಮ್ಯಾಲ ಬಿಟ್ಟೆ. ಬಾಗಲಾ ಹಾಕಿದ್ರ ಆಕಿ ಮಾತು ಕೇಳಿಸ್ತಿದ್ದಿಲ್ಲ, ಆಕಿ ಮಾತು ಮೀನಕ್ಕಿಂತ ಖಾರ.

ಹುಡುಗ ಹತ್ತಿ ಗಿರಣ್ಯಾಗ ದುಡೀತಿದ್ದ, ಸಂಜಿಕ ಮೈದಾನದಾಗ ಫುಟ್‌ಬಾಲ್ ಆಡ್ತಿದ್ದ. ಮುಂದ ನಿಂತು ಗೋಲ್ ಹೊಡೆಯಾಂವ. ಅದಕ್ಕ ಸ್ಟ್ರೈಕರ್ ಅಂತಾರಂತ. ಸಗರದಿಂದ, ಸುರಪುರದಿಂದ ಮಂದಿ ಅವನ ಆಟ ನೋಡಾಕಂತ ಬರ್ತಿದ್ರು. ನಾನೂ ಬೇವಿನ ಗಿಡದ ಕೆಳಗ ಶೇಂಗಾ ಒಡಕೊಂತ ಕುಂದರ್ತಿದ್ದೆ. ನನಗ ಒಂದು ತಿಳೀತಿದ್ದಿಲ್ಲ. ಉಳದವರೆಲ್ಲ ದೆವ್ವ ಬಡದಂಗ ಓಡ್ತಾರ, ಇಂವ ಬದುವಿನ ಮ್ಯಾಲ ನಿಂತ ಗೌಡನಂಗ ಸುಮ್ಮ ನಿಂತಿರ್ತಾನ. ಒಂದಿನ ಕೇಳೇಬಿಟ್ಟೆ, ಏನಲೇ ಮೌನ್ಯಾ, ನಿನಗ ನಿಂದ್ರಾಕ ಪಗಾರ ಕೊಡ್ತಾರೇನು ಅಂತ. ಅಂವ ಸಿಟ್ಟಾಗಲಿಲ್ಲ.

"ಆಯಿ, ನಮ್ಮಪ್ಪ ಗಾಳ ಹಾಕಿ ಹೊತ್ತು ಮುಳುಗೋತನ ಕುಂದರ್ತಿದ್ದ. ನೋಡಿದವರು ಮೈಗಳ್ಳ ಅಂತಿದ್ರು. ಮೀನ ಬಂದದ್ದು ಅವನಿಗೇ ಗೊತ್ತಾಗ್ತಿತ್ತು."

ಅವತ್ತಿನಿಂದ ನಾನು ಚೆಂಡು ಬಿಟ್ಟು ಅವನ್ನ ನೋಡಾಕತ್ತೆ. ನೋಡಿ ನೋಡಿ ಒಂದು ಗುಟ್ಟು ಹಿಡದೆ. ಚೆಂಡು ಬರೋಕಿಂತ ಜರಾ ಮೊದಲು ಅವನ ಬಲಗಾಲ ಹಿಮ್ಮಡ ನೆಲ ಬಿಟ್ಟು ಮ್ಯಾಲ ಏಳ್ತದ, ಬೆಕ್ಕು ಇಲಿ ಕಂಡಾಗ ಬಾಲ ಅಲುಗಿಸಿದಂಗ. ಹಿಮ್ಮಡ ಎದ್ದಿತಂದ್ರ ಗೋಲ್. ಮಗ್ಗಲಾಗ ಕುಂತವರಿಗೆ "ಈಗ ನೋಡ್ರಿ" ಅಂದು ಶಾಣ್ಯಾಕಿ ಅನಿಸಿಕೊಂಡೆ. ತಪ್ಪಿದಾಗ ಶೇಂಗಾ ತಿಂದು ಸುಮ್ಮನಾಗ್ತಿದ್ದೆ.

ಒಂದು ಬ್ಯಾಸಗ್ಯಾಗ ಎರಿನೆಲ ಬಾಯಿ ಬಿಟ್ಟಿತ್ತು. ಓಡೋ ಹೊತ್ತಿನಾಗ ಬಿರುಕಿನಾಗ ಅವನ ಬಲಗಾಲು ಹೊಕ್ಕಿತು. ಮೈ ಒಂದು ಕಡಿ ಹೊಳ್ಳಿತು, ಮೊಣಕಾಲು ಹೊಳ್ಳಲಿಲ್ಲ. ಕಟ್ ಅಂದದ್ದು ಬೇವಿನ ಗಿಡದತನ ಕೇಳಿಸ್ತು. ಕಲಬುರಗಿ ದವಾಖಾನ್ಯಾಗ ಕೊಯ್ದು ಒಳಗಿನದೆಲ್ಲ ಜೋಡಿಸಿದ್ರು. ನಡೀತಾನ, ಆಡೋದು ಮುಂದ ನೋಡೋಣು ಅಂದು ಕಳಿಸಿದ್ರು.

ನಮ್ಮ ಕಡಿ ಒಂದು ರಿವಾಜು ಅದ. ಯಾರರೇ ಬಿದ್ರ ಮಾತಾಡಿಸಾಕ ಹೋಗಬೇಕು. ಹೋಗುವಾಗ ಬಾಳಿಹಣ್ಣು, ಬ್ರೆಡ್ಡು ಒಯ್ಯಬೇಕು. ಕುಂತು ಚಾ ಕುಡೀಬೇಕು. ಕುಡಕೊಂತ, ಹಿಂಗೇ ಬಿದ್ದು ಮತ್ತ ಏಳದವರ ಕತಿ ಒಂದು ಹೇಳಬೇಕು. ಇದನ್ನ ಯಾರು ಹಚ್ಚಿದ್ರೋ ಗೊತ್ತಿಲ್ಲ, ಎಲ್ಲಾರೂ ತಪ್ಪದೇ ಮಾಡ್ತಾರ. ವನದುರ್ಗದಾಕಿ ಒಬ್ಬಾಕಿ ತನ್ನ ಭಾವನ ಕಾಲು ಹ್ಯಾಂಗ ಒಣಗಿ ಕಟಿಗಿ ಆತು ಅಂತ ಹೇಳಿದ್ಲು. ಸಗರದಿಂದ ಬಂದ ಮುತ್ಯಾ ಧೋತರ ಎತ್ತಿ ತನ್ನ ಕಾಲೇ ತೋರಿಸಿದ. ಭೀಮಿ ಎಲ್ಲಾರಿಗೂ ಚಾ ಕೊಟ್ಟು, ಅವರು ಹೊಂಟ ಮ್ಯಾಲ ಹಿತ್ತಲದಾಗ ಕುಂತು ಮೂಗು ಸೀಟ್ತಿದ್ಲು.

ನಾನೂ ಬಾಳಿಹಣ್ಣು ಒಯ್ದೆ. ನನ್ನ ಹತ್ರ ಮನಷ್ಯಾರ ಕತಿ ಇದ್ದಿಲ್ಲ, ನಮ್ಮ ಎತ್ತಿಂದು ಹೇಳಿದೆ. ಒಡ್ಡು ಹಾರಿ ಕಾಲು ಮುರಕೊಂಡಿತ್ತು, ಕೆಲಸಿಲ್ಲದೇ ಕಟ್ಟಿ ಹಾಕಿ ಮೇವು ಹಾಕಿದ್ವಿ ಅಂತ.

"ಆಮ್ಯಾಲ ಎದ್ದು ನಿಂತಿತಾ ಆಯಿ?"

"ನಿಂತಿತು."

"ಮತ್ತ?"

"ಮಾರಿದ್ವಿ."

ಅಂವ ಗ್ವಾಡಿಗೆ ತಲಿ ಹಚ್ಚಿ ಕಣ್ಣಾಗ ನೀರು ಬರೋತನ ನಕ್ಕ. ಆ ಮನ್ಯಾಗ ಅವತ್ತಿನತನ ನಗಿ ಕೇಳಿದ್ದಿಲ್ಲ. ಆದ್ರೂ ಭೀಮಿ ನನ್ನ ನೋಡಿದ ನೋಟಕ್ಕ ಒಣಮೀನ ಸುದ್ದಾ ಸುಟ್ಟು ಹೋಗಬೇಕಿತ್ತು.

ಆಮ್ಯಾಲ ಅಂವ ಕಟ್ಟಿ ಮ್ಯಾಲ ಕುಂತು, ಇಟ್ಟಂಗಿ ಹಾಕಿದ ಕೈಚೀಲ ಪಾದಕ್ಕ ತೂಗಬಿಟ್ಟು, ಕಾಲು ಎತ್ತೋದು ಇಳಿಸೋದು ಮಾಡ್ತಿದ್ದ. ದಿನಾ ಅದೇ. ನಾನು ರೊಟ್ಟಿ ಬಡಿಯೋ ಸಪ್ಪಳ, ಅಂವ ಹಲ್ಲು ಕಡಿಯೋ ಸಪ್ಪಳ, ಗ್ವಾಡಿ ಆ ಕಡಿ ಈ ಕಡಿ. ಹಂಗೇ ಮಳಿಗಾಲ ಹೋತು, ಥಂಡಿ ಹೋತು, ಇನ್ನೊಂದು ಬ್ಯಾಸಗಿನೂ ಹೋತು. ಕಡೀಕ ಡಾಕ್ಟರು ಆಡು ಅಂದ್ರು.

ಮೊದಲನೇ ಪಂದ್ಯ ಶಹಾಪುರದ ಹುಡುಗರೊಳಗೇ ಎರಡು ಗುಂಪು ಮಾಡಿ ಇಟ್ಟಿದ್ರು. ಭೀಮಿಗೆ ಒಬ್ಬಾಕಿಗೇ ನೋಡಾಕ ಧೈರ್ಯ ಇಲ್ಲಂತ, ನನ್ನ ಕರಕೊಂಡು ಹೋದ್ಲು. ಹೋಗಿ ಕಣ್ಣು ಮುಚ್ಚಿ ಕುಂತ್ಲು. ನೀ ಹೇಳು ಯಕ್ಕಾ ಅಂದ್ಲು. ನಾನು ಏನು ಬಲ್ಲೆ, "ಓಡಿದ, ನಿಂತ, ಹೊಡದ," ಅಂತ ಹೇಳಿದೆ. ಎರಡು ಗೋಲ್ ಹೊಡದ. ಮಂದಿ ಅವನ್ನ ಹೆಗಲ ಮ್ಯಾಲ ಎತ್ತಿ ಕುಣಿದ್ರು, ಹುಡುಗರು ತಮ್ಮ ತಮ್ಮ ಮೊಬೈಲಿನಾಗ ಸ್ಟೇಟಸ್ ಹಾಕಿದ್ರು. ನನಗ ಮಾತ್ರ ಏನೋ ಕಸಿವಿಸಿ ಆತು. ಎರಡು ಸಲಾನೂ ಆ ಹಿಮ್ಮಡ ಎದ್ದಿದ್ದಿಲ್ಲ.

ಮರುದಿನ ಅಂವ ಉಣ್ಣಲಿಲ್ಲ, ಇಟ್ಟಂಗಿ ಚೀಲಾನೂ ಎತ್ತಲಿಲ್ಲ. ಭೀಮಿ ಮಗನ ಕಾಲು ನೋಯಾಕತ್ತದ ಅಂತ ಎಣ್ಣಿ ಕಾಸಾಕತ್ತಿದ್ಲು. ನಾನು ಗ್ವಾಡಿ ಮ್ಯಾಲಿಂದ ಬಗ್ಗಿ, ಎರಡು ಹೊಡದೂ ಮಾರಿ ಯಾಕ ಹಿಂಗ ಮಾಡೀದಿ ಅಂತ ಕೇಳಿದೆ.

"ನಾ ಹೊಡದಿಲ್ಲ ಆಯಿ. ಅವರು ದಾರಿ ಬಿಟ್ಟು ನಿಂತ್ರು, ಮದಲಗಿತ್ತಿಗೆ ಬಿಟ್ಟಂಗ. ನಮ್ಮವ್ವ ಅವರ ಮುಂದೆಲ್ಲಾ ಉಡಿ ಒಡ್ಡ್ಯಾಳ."

ಆಗ ನನಗ ತಿಳೀತು. ತಾಯಿ ಆದಾಕಿ ಸೆರಗು ಮುಂದ ಹಿಡಿದು, ಉಡಿ ಒಡ್ಡಿ ಬೇಡಿದ್ರ, ನಮ್ಮ ಕಡಿ ಯಾರೂ ಇಲ್ಲ ಅನ್ನಂಗಿಲ್ಲ. ಅಂದ್ರ ಹಡದಾಕಿಗೇ ಇಲ್ಲ ಅಂದಂಗ. ಭೀಮಿ ಪಂದ್ಯಕ್ಕಿಂತ ಮೊದಲು ಆಡೋ ಹುಡುಗರ ಮನಿಮನಿಗೂ ಹೋಗಿ, ಮದಿವಿಗೆ ಹೇಳಿ ಬಂದಂಗ, ನನ್ನ ಮಗನ ಕಾಲು ಈ ಉಡ್ಯಾಗ ಹಾಕ್ರಪ್ಪ ಅಂತ ಬೇಡಿದ್ಲಂತ. ಅವರು ಏನು ಮಾಡ್ತಾರ? ಇಂವ ಬಂದ ಕಡಿ ಸರದು ನಿಂತ್ರು. ಚೆಂಡು ಕಾಯಾಂವ ಸುದ್ದಾ ಇನ್ನೊಂದು ಕಡಿ ಬಿದ್ದು ಕೊಟ್ಟಿದ್ದ.

ಅವ್ವಗ ಹೇಳಬಾರದಾ ಅಂದೆ. ಹೇಳೀನಿ, ಅಳ್ತಾಳ ಅಂದ. ಇಟ್ಟಂಗಿ ಚೀಲ ಕಾಲಿಲೇ ದೂರ ಸರಿಸಿ, "ಕಾಲು ಬಂದದೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕು ಆಯಿ? ಸುರಪುರದ ಪಂದ್ಯಕ್ಕ ಗುರುಮಠಕಲ್‌ನವರು ಬರ್ತಾರ. ಅಲ್ಲೂ ಹಿಂಗೇ ಆದ್ರ ಬೂಟು ಬಾವಿಗೆ ಒಗೀತೀನಿ," ಅಂದ. ಸುಮ್ಮ ಅನ್ನೋ ದನಿ ಅಲ್ಲ ಅದು.

ಸುರಪುರಕ್ಕ ಬಸ್ಸಿನಾಗ ಭೀಮಿ ಹೊಸಾ ಸೀರಿ ಉಟಗೊಂಡು ಬಂದಿದ್ಲು. ಉದ್ದನ್ನ ಸೆರಗು ಬಿಟ್ಟಿದ್ಲು. ನಾನು ಅದರ ಮ್ಯಾಲೇ ಕಣ್ಣಿಟ್ಟೆ. ಗುಡ್ಡದ ಕೆಳಗಿನ ಮೈದಾನದಾಗ ಒಂದು ಕಲ್ಲಿನ ಕಟ್ಟಿ ಮ್ಯಾಲ ಕುಂತ್ವಿ. ಆ ಕಡಿ ಗುರುಮಠಕಲ್ ಹುಡುಗರು ತೆಲುಗಿನಾಗ ಚಾಷ್ಟಿ ಮಾಡಿಕೊಂತ ಬೂಟು ಕಟಗೊಳ್ಳಾಕತ್ತಿದ್ರು. ಭೀಮಿ ಎದ್ಲು. ನೀರು ಕುಡದು ಬರ್ತೀನಿ ಯಕ್ಕಾ ಅಂದ್ಲು. ನೀರಿನ ಕೊಡ ಇದ್ದದ್ದು ನಮ್ಮ ಬೆನ್ನ ಹಿಂದ, ಆಕಿ ಮಾರಿ ಮಾಡಿದ್ದು ಗುರುಮಠಕಲ್‌ನವರ ಕಡಿ.

ಕೈ ಹಿಡದು ಜಗ್ಗಿ ಕುಂದ್ರಿಸಿದೆ. ಸೆರಗಿನ ತುದಿ ಕಟ್ಟಿ ಮ್ಯಾಲ ಹಾಸಿತ್ತು. ಅದರ ಮ್ಯಾಲ ನಾನು ಕುಂತೆ. ನಾನು ಹಗೂರ ಹೆಂಗಸಲ್ಲ.

"ಯಕ್ಕಾ, ಸೆರಗು ಬಿಡು."

"ಬಿಡಂಗಿಲ್ಲ."

"ಅವನ ಕಾಲು ಮುರಿದ್ರ ನೀ ಜೋಡಿಸ್ತೀಯೇನು?"

ಮುರಿದಿದ್ರ ನಾ ಇರೋತನ ಆ ಮನಿ ಹಿತ್ತಲ ಬಾಗಲಾ ನನಗ ತೆರೀತಿದ್ದಿಲ್ಲ. ಆದ್ರೂ ಏಳಲಿಲ್ಲ. ಹುಡುಗನ ಮ್ಯಾಲಿನ ಅಂತಃಕರಣಕ್ಕ ಅಂತ ನೀವು ತಿಳಕೋಬ್ಯಾಡ್ರಿ. ನನಗ ನೋಡಬೇಕಿತ್ತು, ಅಷ್ಟೇ. ಇಟ್ಟಂಗಿ ಎತ್ತಿ ಎತ್ತಿ ಆ ಕಾಲು ಹೊಳ್ಳಿ ಬಂದದೋ, ಬರೇ ನಡೆಯಾಕ ಬಂದದೋ, ನನಗೂ ತಿಳೀಬೇಕಿತ್ತು.

ಗುರುಮಠಕಲ್‌ನವರಾಗ ಹಿಂದ ನಿಂದ್ರಾಂವ ಒಬ್ಬ ಇದ್ದ, ಕೋಣನಂಥಾಂವ. ಅವನಿಗೆ ನಮ್ಮ ಭೀಮಿ ಗೊತ್ತಿಲ್ಲ, ಉಡಿ ಗೊತ್ತಿಲ್ಲ. ಮೌನೇಶಿ ಚೆಂಡು ತಗೊಂಡು ಹೊಂಟದ್ದೇ ತಡ, ಬಂದು ಹಾಯ್ದ. ಇಬ್ಬರೂ ಬಿದ್ರು, ದೂಳು ಎದ್ದು ಏನೂ ಕಾಣವಲ್ದು. ನನ್ನ ಕೆಳಗ ಸೆರಗು ಚರ್ ಅಂತು.

"ಎದ್ದನೇನು?" ಭೀಮಿ ಕಣ್ಣು ಮುಚ್ಚೇ ಕೇಳಿದ್ಲು.

"ಎದ್ದ."

"ಕುಂಟತಾನೇನು?"

"ಇಲ್ಲ. ನಗಾಕತ್ತಾನ."

ಖರೇನೇ ನಗಾಕತ್ತಿದ್ದ. ಹಲ್ಲಿಗೆಲ್ಲ ಮಣ್ಣು ಹತ್ತಿತ್ತು. ಕೋಣನಿಗೆ ಕೈ ಕೊಟ್ಟು ಎಬ್ಬಿಸಿದ. ಆಮ್ಯಾಲ ಆಟ ನಡೀತು, ಒಂದು ಸಲ ಚೆಂಡು ಬರೋಬರಿ ಕಾಲಿಗೇ ಬಂತು, ಅಂವ ಅದನ್ನ ಆಕಾಶಕ್ಕ ಒದ್ದ. ನಮ್ಮ ಹಿಂದ ಕುಂತ ಶಹಾಪುರದಾಂವ ಒಬ್ಬ, ಇವನ ಕಾಲು ಒಯ್ದು ಸಂತ್ಯಾಗ ತೂಕಕ್ಕ ಹಾಕ್ರೋ ಅಂತ ಒದರಿದ. ಭೀಮಿ ಹೊಳ್ಳಿ ಅವನ ವಂಶಾನೇ ಜಾಲಾಡಿದ್ಲು. ಮೈದಾನದಾಗ ಮೌನೇಶಿ ಮಾತ್ರ ಅವನ ಕಡಿ ನೋಡಿ, ಶರಣು ಮಾಡಿದಂಗ ಕೈ ಎತ್ತಿದ. ಬಿದ್ದಾಗಿಂದ ಅವನ್ನ ಯಾರೂ ಬೈದಿದ್ದಿಲ್ಲ ನೋಡ್ರಿ.

ಅದಾದ ಮ್ಯಾಲ ಅಂವ ಮತ್ತ ಗೌಡನಂಗ ನಿಂತ. ಕೋಣ ಬೆನ್ನಿಗೇ ಹತ್ತಿ ನಿಂತಿದ್ದ. ನಾನು ಆ ಬಲಗಾಲು ಬಿಟ್ಟು ಎಲ್ಲೂ ನೋಡಲಿಲ್ಲ. ಚೆಂಡು ಇನ್ನಾ ದೂರ ಇತ್ತು. ಹಿಮ್ಮಡ ಎದ್ದಿತು.

"ಭೀಮಿ, ಈಗ ನೋಡು," ಅಂದೆ.

ಆಕಿ ಕಣ್ಣು ತೆರದ್ಲು. ಕೋಣ ಅವನ ಹೆಗಲಿಗೆ ಜೋತು ಬಿದ್ದಾನ, ಇಂವ ಅವನ್ನೂ ಹೊತಗೊಂಡು ಹೊಳ್ಳಿ, ಅದೇ ಬಲಗಾಲಿಲೇ ಹೊಡದ. ಕಾಯಾಂವ ಈ ಸಲ ಬರೋಬರಿ ಕಡೀಗೇ ಹಾರಿದ್ದ. ಆದ್ರೂ ಸಿಗಲಿಲ್ಲ. ಭೀಮಿ ಜಿಗದು ಎದ್ದು ನಿಂತ್ಲು. ಒಂದು ಗೇಣು ಸೆರಗು ನನ್ನ ಕೆಳಗೇ ಉಳೀತು.

ನಮ್ಮವರು ಸೋತ್ರು ಅಂತ ಬಸ್ಸು ಹತ್ತಿದ ಮ್ಯಾಲ ಗೊತ್ತಾತು. ಗುರುಮಠಕಲ್‌ನವರು ಎರಡು ಹೊಡದಿದ್ರಂತ. ನಾವಿಬ್ಬರೂ ಆ ಕಡಿ ನೋಡೇ ಇದ್ದಿಲ್ಲ. ಮೌನೇಶಿ ಹಿಂದಿನ ಸೀಟಿನಾಗ ಕುಂತು, ಸೋತವರ ನಡುವ ಹಾಡು ಹೇಳಿ ಬೈಸಿಕೊಳ್ಳಾಕತ್ತಿದ್ದ. ಭೀಮಿ ದಾರಿಗುಂಟ ಹರಿದ ಸೆರಗು ಮಡಚೋದು ಬಿಚ್ಚೋದು ಮಾಡಿದ್ಲು. ಶಹಾಪುರದಾಗ ಇಳಿದಾಗ, "ಸೀರಿ ಹೊಸಾದಿತ್ತು," ಅಂದ್ಲು. ಗೊತ್ತದ ಅಂದೆ. ಮರುದಿನ ಹಿತ್ತಲ ಬಾಗಲಾ ತೆರದಿತ್ತು, ಮೀನ ವಾಸನಿ ಬಂತು. ಆ ಸೀರಿ ದಡಿ ಹೊಲಿದು ಇನ್ನಾ ಉಡ್ತಾಳ, ಜರಾ ಗಿಡ್ಡ ಸೆರಗಿಲೇ.

ಆಮ್ಯಾಲ ಮೌನೇಶಿ ಭಾಳ ಗೋಲ್ ಹೊಡದ, ಭಾಳ ಬೈಸಿಕೊಂಡ. ಬೇಕಾಗಿದ್ದಿಲ್ಲಂದ್ರೂ ರೂಢಿಗೆ ಪಟ್ಟಿ ಹಾಕ್ತಿದ್ದ. ನಾನು ಬಿದ್ದ ಸುದ್ದಿ ಕೇಳಿ ಅದನ್ನ ಬಿಚ್ಚಿ ತಂದು ಕೊಟ್ಟ. ಬಾಳಿಹಣ್ಣು ತರಲಿಲ್ಲ. ಕತಿನೂ ಹೇಳಲಿಲ್ಲ.

ಇಷ್ಟು ಬರೆಯೋದ್ರಾಗ ಸಂಜಿ ಆತು. ಮತ್ತ ಒಲಿ ಮುಂದ ಕುಂತೆ. ಮೌನೇಶಿ ಗಿರಣಿಯಿಂದ ಹೊಳ್ಳಿ ಬಂದಾಂವ, ಹಿತ್ತಲ ಬಾಗಲದಾಗ ನಿಂತು ಮೊಣಕಾಲು ಹ್ಯಾಂಗದ ಅಂತ ಕೇಳಿದ. ಅದಿರಲಿ, ಇದು ಹ್ಯಾಂಗದ ಹೇಳು ಅಂತ ಬಿಸಿ ರೊಟ್ಟಿ ಮ್ಯಾಲ ಪುಂಡಿಪಲ್ಯ ಹಾಕಿ ಕೊಟ್ಟೆ. ಸೊಸಿ ಒಳಗಿಂದ ಅವನಿಗೆ ಕಣ್ಣಸನ್ನಿ ಮಾಡಿದ್ಲು. ಉಡಿ ಒಡ್ಡೋದೊಂದು ಬಾಕಿ ಇತ್ತು. ಅಂವ ಅಗದ. ಆಕಿನ್ನ ನೋಡಿದ, ನನ್ನ ನೋಡಿದ.

"ನಡುವ ಹಸಿ ಅದ ಆಯಿ. ದಪ್ಪನೂ ಆಗ್ಯಾದ. ಇದನ್ನ ಆ ಗುರುಮಠಕಲ್ ಕೋಣನೂ ತಿನ್ನಂಗಿಲ್ಲ."

ಸೊಸಿ ಒಳಗ ಬೋಗಾಣಿ ಕುಕ್ಕಿದ್ಲು. ನಾನು ಪಟ್ಟಿ ಮ್ಯಾಲಕ್ಕ ಎಳದು ಬಿಗಿ ಮಾಡಿಕೊಂಡೆ. ಹಿಟ್ಟಿನ ಡಬ್ಬಿ ಮುಂದಕ್ಕ ಜಗ್ಗಿದೆ.

"ಹೋಗಬ್ಯಾಡ, ಅಲ್ಲೇ ಕುಂದ್ರು," ಅಂದೆ. "ಇನ್ನೊಂದು ಬಡೀತೀನಿ."